ಕಳಕಪ್ಪ ಬಿಟ್ಟುಕೊಟ್ಟ ಎಂಟು

ಲಕ್ಷ್ಮೇಶ್ವರದ ದನದ ಸಂತೆಯಲ್ಲಿ ದಲಾಲಿ ಕಳಕಪ್ಪನಿಗೆ ಯಾರೂ ಮೊದಲ ಮಾತಿಗೇ ಖರೆ ಸಂಗತಿ ಹೇಳುತ್ತಿರಲಿಲ್ಲ. ಹೇಳಿದರೂ ನಂಬುವ ಮನುಷ್ಯನಲ್ಲ ಆತ. ಹೋರಿಗೆ ನಾಲ್ಕು ಹಲ್ಲು ಎಂದು ಮಾಲೀಕ ಹೇಳಿದರೆ, ಅದರ ಬಾಯಿ ಬಿಡಿಸಿ, ಬೆರಳಿಟ್ಟು ಎಣಿಸಿ, ನಾಲ್ಕೇ ಇದ್ದರೂ "ಆರು ಅನ್ನು, ಮುಂದ ಮಾತಾಡೂಣು" ಎನ್ನುವವನು; ಹಲ್ಲು ಹೆಚ್ಚಿದಷ್ಟೂ ವಯಸ್ಸು ಹೆಚ್ಚು, ದರ ಕಡಿಮೆ. ಡಾಕ್ಟರು ಐದು ದಿನದ ಗುಳಿಗೆ ಬರೆದರೆ ಮೂರು ದಿನಕ್ಕೆ ಇಳಿಸಿಕೊಂಡೇ ಎದ್ದು ಬರುತ್ತಿದ್ದ. ಆಮೇಲೆ ಜ್ವರ ಮರಳಿ ಬಂದರೆ ಅದು ಜ್ವರದ ತಪ್ಪು.

ಮನೆಯ ಇಂಟರ್ನೆಟ್ ಕನೆಕ್ಷನ್ ಇದ್ದದ್ದು ಇಂಥ ಕಳಕಪ್ಪನ ಹೆಸರಿನಲ್ಲಿ. ರೂಟರಿನ ಒಳಹೊಕ್ಕು ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡ್ ಆತನೊಬ್ಬನಿಗೇ ಗೊತ್ತು. ಅದನ್ನು ಒತ್ತುವಾಗ ಹೆಗಲ ಮೇಲಿನ ಟವೆಲ್ಲನ್ನು ಕೈಮೇಲೆ ಹೊದಿಸಿಕೊಳ್ಳುತ್ತಿದ್ದ, ತನ್ನ ಮನೆಯವರೇ ಎದುರಿಗಿದ್ದರೂ.

ಆತನ ತಮ್ಮನ ಮಗಳು ಮಾಯಾಗೆ ಆ ಪಾಸ್‌ವರ್ಡ್ ಬೇಕಾಗಿತ್ತು. ಕೇಳುವುದೇ ದೊಡ್ಡ ಕೆಲಸವಾಗಿತ್ತು.

ಮಾಯಾ ಗದಗಿನಲ್ಲಿ ಬಿ.ಎ. ಮುಗಿಸಿದ ಹುಡುಗಿ. ಒಳಗೆ ಬೇಕಾದಷ್ಟು ಮಾತಿದ್ದವು, ಬಾಯಿಯವರೆಗೆ ಬರುತ್ತಿದ್ದದ್ದು ಮಾತ್ರ ಒಂದೆರಡು. ಉಳಿದವನ್ನು ಅವಳ ತಾಯಿ ಅನ್ನಪೂರ್ಣ ಸಾಗಿಸುತ್ತಿದ್ದಳು. "ಅವ್ವಾ, ದೊಡ್ಡಪ್ಪಗ ಚಾ ಬೇಕೇನಂತ ಕೇಳು" ಎಂದು ಮಾಯಾ ಪಿಸುಗುಟ್ಟುತ್ತಿದ್ದಳು. ದೊಡ್ಡಪ್ಪ ಅಲ್ಲೇ ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದ. ಅನ್ನಪೂರ್ಣ ಆ ಕಡೆ ತಿರುಗಿ, "ಭಾವಾರ, ಚಾ ಬೇಕೇನಂತ ಕೇಳಾಕತ್ತಾಳ್ರಿ" ಎನ್ನುತ್ತಿದ್ದಳು. "ಬ್ಯಾಡಂತ ಹೇಳು" ಎಂದು ಆತ ಅವಳಿಗೇ ಹೇಳುತ್ತಿದ್ದ. ಇದು ಯಾರಿಗೂ ವಿಚಿತ್ರ ಎನಿಸಿರಲಿಲ್ಲ.

ಈಗ ಅವಳ ಮುಂದೆ ಎರಡು ನೌಕರಿಗಳಿದ್ದವು. ಒಂದು, ಗದಗಿನಲ್ಲಿ ಅನ್ನಪೂರ್ಣಳ ಅಣ್ಣನ ಹಲ್ಲಿನ ದವಾಖಾನೆಯದು. ಸೋಮವಾರದಿಂದಲೇ ಬಾ ಎಂದಿದ್ದರು. ಬಾಗಿಲಲ್ಲಿ ನಿಂತು ಬಂದವರ ಹೆಸರನ್ನು ಒಬ್ಬೊಬ್ಬರದಾಗಿ ಗಟ್ಟಿಯಾಗಿ ಕೂಗಿ ಒಳಗೆ ಕಳಿಸಬೇಕು. ಆ ಕೂಗುವ ಕೆಲಸವನ್ನು ನೆನೆದಾಗಲೆಲ್ಲ ಮಾಯಾ ತಲೆತುಂಬ ಚಾದರ ಎಳೆದುಕೊಳ್ಳುತ್ತಿದ್ದಳು. ಇನ್ನೊಂದು, ಧಾರವಾಡದ ಒಂದು ಸಣ್ಣ ಕಂಪನಿಯದು. ಹಳ್ಳಿಯವರು ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿ ಬರೆದು ಮರಳಿ ಕಳಿಸಬೇಕು. ಇಡೀ ದಿನ ಬೇರೆಯವರು ಮಾತಾಡುತ್ತಾರೆ, ತಾನು ಸುಮ್ಮನಿರಬಹುದು! ಇಂಥ ನೌಕರಿಯನ್ನು ಯಾರೋ ತನ್ನ ಅಳತೆ ತೆಗೆದುಕೊಂಡೇ ಹೊಲಿದಿದ್ದಾರೆ ಎಂದು ಅವಳಿಗೆ ಅನಿಸಿತ್ತು.

ಶನಿವಾರ ಮಧ್ಯಾಹ್ನದೊಳಗೆ ಅದರ ಪರೀಕ್ಷೆ. ಕರಾರು ಒಂದೇ: ಎಲ್ಲ ಕೆಲಸವೂ ಮನೆಯ ಬ್ರಾಡ್‌ಬ್ಯಾಂಡ್ ಮೇಲೇ ಆಗಬೇಕು, ಮೊಬೈಲಿನ ನೆಟ್ ನಡೆಯುವುದಿಲ್ಲ.

ಆದರೆ ಮನೆಯ ನೆಟ್ಟಿಗೆ ಏನೋ ಆಗಿತ್ತು. ದೊಡ್ಡಪ್ಪ ಹಳೆಯ ರೂಟರಿಗೆ ಎರಡೇ ಕೊಂಬು ಎಂದು ಬೇಸತ್ತು, ಗದಗಿನಿಂದ ನಾಲ್ಕು ಕೊಂಬಿನದನ್ನು ತಂದು ಕೂಡಿಸಿದ ದಿನದಿಂದ ಅದು ಒಂದು ನಮೂನೆ ಹಟ ಹಿಡಿದಿತ್ತು. ವಾಟ್ಸಾಪಿನಲ್ಲಿ "ಹ್ಞೂಂ" ಎಂದರೆ ಹೋಗುತ್ತಿತ್ತು, "ಊಟ ಆತೇನು" ಎಂದರೂ ಹೋಗುತ್ತಿತ್ತು. ಊಟದ ಫೋಟೋ ಹೋಗುತ್ತಿರಲಿಲ್ಲ. ಕೆಲವು ವೆಬ್‌ಸೈಟು ಥಟ್ಟನೆ ತೆರೆಯುತ್ತಿದ್ದವು, ಕೆಲವು ಬಿಳಿ ಹಾಳೆ ತೋರಿಸಿ ಕೂತುಬಿಡುತ್ತಿದ್ದವು. ಧಾರವಾಡದಿಂದ ಬಂದ ರೆಕಾರ್ಡಿಂಗ್ ಹೇಗೋ ಇಳಿದಿತ್ತು, ಬರೆದದ್ದನ್ನು ಕಳಿಸಲು ಹೋದರೆ ಮಾತ್ರ ಗೆರೆ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು.

"ದೃಷ್ಟಿ ಆಗೇತಿ," ಎಂದಳು ಅನ್ನಪೂರ್ಣ. "ನಾಕು ಕೊಂಬು ಅಂತ ಓಣಿ ತುಂಬಾ ಹೇಳ್ಕೊಂತ ಅಡ್ಡ್ಯಾಡಿದ್ರಲ್ಲ ನಿಮ್ಮ ದೊಡ್ಡಪ್ಪ." ಅವಳು ರೂಟರಿಗೆ ವಿಭೂತಿ ಹಚ್ಚಿ, ಒಂದು ಲಿಂಬೆಹಣ್ಣು ಕಟ್ಟಿದಳು. ಲಿಂಬೆಯ ಭಾರಕ್ಕೆ ಒಂದು ಕೊಂಬು ಬಾಗಿತೇ ಹೊರತು ಫೋಟೋ ಹೋಗಲಿಲ್ಲ.

ಮಾಯಾ ಬೆಟಗೇರಿಯ ಅಮೀರಾಗೆ ಮೆಸೇಜು ಮಾಡಿದಳು. ಅಮೀರಾ ಕಾಲೇಜಿನ ಗೆಳತಿ, ಈಗ ಕಂಪ್ಯೂಟರ್ ಅಂಗಡಿ ಇಟ್ಟವಳು. ಅವಳು ಕಳಿಸಿದ ಚಿತ್ರಗಳು ಒಂದೂ ತೆರೆಯಲಿಲ್ಲ, ಬರೆದ ಮಾತು ಮಾತ್ರ ಬಂದವು:

"ನೀ ಕಳಸೂದೆಲ್ಲಾ ಒಂದ ಹೊರಿ ಆಗಿ ಹೋಗೂದಿಲ್ಲ. ರೂಟರ್ ಅದನ್ನ ಸಣ್ಣ ಸಣ್ಣ ಗಂಟು ಕಟ್ಟಿ ಕಳಸ್ತೈತಿ. ಒಂದ ಗಂಟು ಎಷ್ಟ ದೊಡ್ಡದಿರಬೇಕು ಅನ್ನೂದಕ್ಕ ಒಂದ ನಂಬರ್ ಇರತೈತಿ, ಎಂಟಿಯು ಅಂತ. ನಿಮ್ಮ ಹೊಸಾದರಾಗ ಅದು ೧೫೦೦ ಇರಬೇಕು. ನಿಮ್ಮ ಲೈನಿನ್ಯಾಗ ಪ್ರತಿ ಗಂಟಿನ ಮ್ಯಾಲೂ ಇನ್ನೊಂದು ಹೊದಿಕಿ ಹಾಕ್ತಾರ. ಹೊದಿಕಿ ಸೇರಿಸಿದ್ರ ದೊಡ್ಡ ಗಂಟು ಬಾಗಲದಾಗ ಹಿಡಿಯೂದಿಲ್ಲ, ಅಲ್ಲೇ ಬೀಳತೈತಿ. ಸಣ್ಣವು ಪಾರಾಗ್ತಾವು. ಸದ್ಯ ೧೪೦೦ ಮಾಡಿ ನೋಡು."

ಮಾಯಾ ಓದಿ ಓದಿ ತಲೆದೂಗಿದಳು. ಸಣ್ಣ ಮಾತು ಹೋಗುತ್ತದೆ, ದೊಡ್ಡದು ಬಾಗಿಲಲ್ಲೇ ಬೀಳುತ್ತದೆ. ಈ ರೂಟರಿನ ಮೇಲೆ ಅವಳಿಗೆ ಮೊದಲ ಸಲ ಕನಿಕರ ಹುಟ್ಟಿತು.

ಪಾಸ್‌ವರ್ಡಿನ ಮಾತು ಅನ್ನಪೂರ್ಣಳ ಮುಖಾಂತರವೇ ನಡೆಯಿತು. ಕಳಕಪ್ಪ ಗೊಣಗುತ್ತ, ಟವೆಲ್ಲಿನೊಳಗೆ ಒಂದೊಂದೇ ಕೀಲಿ ಒತ್ತಿ, ಸೆಟ್ಟಿಂಗ್ ತೆರೆದುಕೊಟ್ಟು ಬಚ್ಚಲಿಗೆ ಹೋದ. ಮಾಯಾ ೧೫೦೦ ಅಳಿಸಿ ೧೪೦೦ ಎಂದು ಬರೆದಳು. ರೂಟರ್ ಕಣ್ಣು ಮುಚ್ಚಿ ತೆರೆಯಿತು. ಮರುಕ್ಷಣ ಕಟ್ಟೆ ಒಡೆದಂತಾಯಿತು: ಬಂದು ನಿಂತಿದ್ದ ಫೋಟೋಗಳು, ಯಾರದೋ ಸೀಮಂತ, ಬಾಳೆಹೊಸೂರಿನ ಬೀಗರ ಹೊಸ ಟ್ರ್ಯಾಕ್ಟರು, ಮಾರಾಟಕ್ಕಿದ್ದ ಹೋರಿಗಳ ಸಾಲು ಸಾಲು, ಎಲ್ಲವೂ ಒಂದರ ಹಿಂದೊಂದು ಟಿಣಿಟಿಣಿ ಎನ್ನುತ್ತ ಇಳಿದವು.

"ಏನ ಮಾಡಿದ್ಯವಾ ಅದಕ್ಕ?" ಕಳಕಪ್ಪ ಖುಷಿಯಿಂದಲೇ ಬಂದ. ಮಾಯಾ ಹೇಳಬಾರದಿತ್ತು. ಆದರೆ ಅವಳಿಗೆ ಸುಳ್ಳು ಹೇಳಲು ಬೇಕಾಗುವಷ್ಟು ಮಾತೂ ಬರುತ್ತಿರಲಿಲ್ಲ.

"ಸಾವಿರದ ಐದನೂರು ಇತ್ತು," ಎಂದಳು ಮೆಲ್ಲಗೆ. "ನಾನೂರು ಮಾಡೇನ್ರಿ."

ಕಳಕಪ್ಪನ ಮುಖ ಸಂತೆಯ ಮುಖವಾಯಿತು. "ನೂರು ಕಡಿಮಿ?"

"ಹ್ಞೂಂ."

"ಆ ನೂರು ಎಲ್ಲಿ ಹೋತು?"

ಮಾಯಾ ತಾಯಿಯ ಕಡೆ ನೋಡಿದಳು. ಅನ್ನಪೂರ್ಣಳಿಗೆ ಈ ಸರಕನ್ನು ಸಾಗಿಸುವುದು ಸಾಧ್ಯವಿರಲಿಲ್ಲ. "ಹೊದಿಕಿ ಅಂತ್ರೀ ಭಾವಾರ. ಏನೋ ಹೊದಸ್ತಾರಂತ" ಎಂದಳು.

"ಹೊದಿಕಿ! ಜ್ವಾಳಾ ತೂಗುವಾಗ ಚೀಲದ ತೂಕ ಅಂತ ಮುರಕೋತಾರ, ಹತ್ತಿಗೆ ಹಸಿ ಐತಿ ಅಂತ ಮುರಕೋತಾರ. ಈಗ ವೈರಿನ್ಯಾಗ ಹೋಗೂದಕ್ಕೂ ಹೊದಿಕಿ ಅಂತ ನೂರು ಮುರಕೊಂಡ್ರೇನು? ನಮ್ಮ ಮನ್ಯಾಗ ಪೂರಾ ಐದನೂರು ಇರಬೇಕು. ಖಬರ್ದಾರ್!"

ಮರುದಿನ ಬೆಳಿಗ್ಗೆ ಮಾಯಾ ನೋಡುವಷ್ಟರಲ್ಲಿ ಫೋಟೋಗಳು ಮತ್ತೆ ನಿಂತಿದ್ದವು. ಕಳಕಪ್ಪ ಹಳೆಯ ಅಂಕಿಯನ್ನೇ ಕೂಡಿಸಿ, ಪಾಸ್‌ವರ್ಡನ್ನೂ ಬದಲಿಸಿ, ವ್ಯಾಪಾರ ಗೆದ್ದವರ ಹಾಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ. ಫೋಟೋ ಬರಲಿಲ್ಲವಲ್ಲ ಎಂದು ಅನ್ನಪೂರ್ಣ ಕೇಳಿದರೆ, "ಬರಲಿಲ್ಲಂದ್ರ ಬಿಡು. ಮೋಸಾ ಹೋಗಿ ಬರೂದಕ್ಕಿಂತ ಛೊಲೊ" ಎಂದ.

ಮೇಲಾಗಿ ಲೈನಿನ ಹುಲಗಪ್ಪನನ್ನು ಕರೆಸಿದ. ಹುಲಗಪ್ಪ ಓಣಿಗೆಲ್ಲ ಇಂಟರ್ನೆಟ್ ವೈರು ಎಳೆದವನು, ಶಿರಹಟ್ಟಿಯವರೆಗೂ ಅವನ ಏಣಿ ಓಡಾಡುತ್ತದೆ. ಒಳಗೆ ಕಾಲಿಟ್ಟವನೇ, "ಒಮ್ಮೆ ಆಫ್ ಮಾಡಿ ಆನ್ ಮಾಡಿದ್ರೇನ್ರಿ?" ಎಂದ.

"ಅದನ್ನ ಬಿಡಲೇ. ನಮ್ಮ ನೂರು ಎಲ್ಲಿ ಇಟ್ಟಿ, ಹೇಳು."

"ಯಾವ ನೂರ್ರೀ ಯಜಮಾನರ?"

"ಎಂಟಿಯು."

ಹುಲಗಪ್ಪ ಒಮ್ಮೆ ಮಾಯಾಳನ್ನೂ ಒಮ್ಮೆ ಲಿಂಬೆಹಣ್ಣನ್ನೂ ನೋಡಿದ. "ಅದೇನ್ ಭಾಳ ಅಲ್ರಿ. ಸ್ವಲ್ಪ ಬಿಡಬೇಕಾಗತೈತಿ. ಎಲ್ಲಾರ ಮನ್ಯಾಗೂ ಬಿಟ್ಟಾರ."

"ಎಲ್ಲಾರ ಮನ್ಯಾಗೂ!" ಕಳಕಪ್ಪ ತೊಡೆ ತಟ್ಟಿದ. "ಕೇಳಿದೇನ್ ಅನ್ನಪೂರ್ಣಾ? ಊರ ತುಂಬಾ ಮುರದಾನ ಈ ಮಗಾ. ಎಲ್ಲಾ ಕೂಡಿಸಿದ್ರ ಎಷ್ಟಾತು? ಮುಂಡರಗಿ ಕಡೆ ಮನೀ ಬ್ಯಾರೆ ಕಟ್ಟಸಾಕತ್ತಾನ ಅಂತ ಸುದ್ದಿ."

"ಅಯ್ಯ ಯಜಮಾನರ, ಅದೇನ್ ಮನೀಗೆ ಒಯ್ಯೂ ಮಾಲೇನ್ರಿ? ನಂದು ವೈರ್ ಅಷ್ಟ. ವೈರಿನ ಒಳಗಿಂದು ನನಗ ಗೊತ್ತಿಲ್ಲ!" ಎನ್ನುತ್ತ ಹುಲಗಪ್ಪ ಏಣಿಯನ್ನೂ ಮರೆತು ಹೋದ. ಸಂಜೆ ಅದನ್ನು ಒಯ್ಯಲು ಬಂದಾಗ ಹಿತ್ತಲ ಬಾಗಿಲಿನಿಂದ ಬಂದ.

ಅಷ್ಟರಲ್ಲಿ ಅಮೀರಾಳ ಇನ್ನೊಂದು ಮೆಸೇಜು ಬಂದಿತ್ತು: "ನೂರು ಯಾಕ ಬೇಕು? ನಿಮ್ಮ ಲೈನಿಗೆ ಬರೇ ಎಂಟು ಕಡಿಮಿ ಮಾಡಿದ್ರ ಸಾಕು. ೧೪೯೨. ಅದಕ್ಕಿಂತ ಒಂದ ಹೆಚ್ಚಾದ್ರೂ ನಡಿಯೂದಿಲ್ಲ. ಮ್ಯಾಕ್ಸಿಮಮ್ ಅದ."

ಬರೇ ಎಂಟು! ಮಾಯಾ ಎದ್ದು ದೊಡ್ಡಪ್ಪನ ಕಡೆ ಎರಡು ಹೆಜ್ಜೆ ಇಟ್ಟಳು, ಮತ್ತೆ ನಿಂತಳು. ಈಗ ಹೋಗಿ "ಎಂಟು ಸಾಕ್ರಿ" ಎಂದರೆ ಏನಾಗುತ್ತದೆ ಎನ್ನುವುದು ಅವಳಿಗೆ ಅಂಗೈಯಷ್ಟು ಸ್ಪಷ್ಟವಿತ್ತು. ನಿನ್ನೆ ನೂರು ಅಂದವರು ಇವತ್ತು ಎಂಟಕ್ಕೆ ಬಂದರೆಂದರೆ ನಾಳೆ ನಾಲ್ಕಕ್ಕೆ ಬರುತ್ತಾರೆ ಎಂದೇ ಆತ ತಿಳಿಯುತ್ತಾನೆ. ಅರ್ಧಕ್ಕರ್ಧ ಎಂದು ೧೪೯೬ಕ್ಕೆ ಪಟ್ಟು ಹಿಡಿಯುತ್ತಾನೆ. ದೊಡ್ಡಪ್ಪನ ಮುಂದೆ ಖರೆ ಅಂಕಿಯನ್ನು ಇಟ್ಟರೆ ಅದು ಅಲ್ಲೇ ಕೆಟ್ಟುಹೋಗುತ್ತದೆ. ಏನು ಮಾಡಬೇಕೆಂದು ತಿಳಿಯದೆ ಅವಳು ಮರಳಿ ಹೋಗಿ ಕೂತಳು.

ಶನಿವಾರ ಬಂದೇ ಬಂತು. ಮಾಯಾಳ ಅಪ್ಪ ಎಂದಿನಂತೆ ಶಿರಹಟ್ಟಿಯ ಗೊಬ್ಬರದಂಗಡಿಗೆ ಹೋಗಿದ್ದ. ಧಾರವಾಡದಿಂದ ಕಂಪನಿಯ ಸುನಿತಾ ಮೇಡಂ ಕಂಪ್ಯೂಟರಿನಲ್ಲೇ ಕಾಲ್ ಮಾಡಿದರು. ಆ ನೆಟ್ಟಿನಲ್ಲೂ ಅವರ ದನಿ ಗಂಟೆಯ ಹಾಗೆ ಬಂತು; ದನಿ ಹೋಗುವುದು ತೀರ ಸಣ್ಣ ಗಂಟುಗಳಲ್ಲಿ ಎಂದು ಅಮೀರಾ ಹೇಳಿದ್ದಳು.

"ಮಾಯಾ, ಬರೆದಿದ್ದನ್ನ ರೆಕಾರ್ಡಿಂಗ್ ಸಮೇತ ಕಳಸ್ರಿ. ಹನ್ನೆರಡಕ್ಕ ನಾವು ಮುಚ್ಚತೀವಿ. ನಾನು ಲೈನ್ ಮೇಲೇ ಇರ್ತೀನಿ."

ಮಾಯಾ ಕಳಿಸುವ ಗುಂಡಿ ಒತ್ತಿದಳು. ಗೆರೆ ಅರ್ಧಕ್ಕೆ ಬಂದು ನಿಂತಿತು. ಮತ್ತೆ ಒತ್ತಿದಳು, ಮತ್ತೆ ಅಲ್ಲೇ ನಿಂತಿತು. ಅವಳ ಕಿವಿಯಲ್ಲಿ ಹಲ್ಲಿನ ದವಾಖಾನೆಯ ಬಾಗಿಲು ಕಿರುಗುಟ್ಟಿತು.

"ಒಂದ್ ನಿಮಿಷ, ಮೇಡಂ," ಎಂದು ಹೆಡ್‌ಫೋನ್ ತೆಗೆದಿಟ್ಟು ಪಡಸಾಲೆಗೆ ಬಂದಳು. ಕಾಲ್ ಹಾಗೇ ಇತ್ತು.

ಕಳಕಪ್ಪ ಗೋಡೆಗೆ ಒರಗಿ ಕೂತಿದ್ದ. ಅನ್ನಪೂರ್ಣ ಶೇಂಗಾ ಒಡೆಯುತ್ತಿದ್ದಳು. ಮಾಯಾ ತಾಯಿಯ ಹತ್ತಿರ ಹೋಗಿ ಪಿಸುಗುಟ್ಟುತ್ತಾಳೆ ಎಂದು ಇಬ್ಬರೂ ತಿಳಿದರು. ಅವಳು ಹೋಗಲಿಲ್ಲ. ದೊಡ್ಡಪ್ಪನ ಎದುರಿಗೆ ಚಕ್ಕಳಬಕ್ಕಳ ಹಾಕಿ ಕೂತು, ಆತನ ಹೆಗಲ ಮೇಲಿನ ಟವೆಲ್ಲನ್ನು ಎಳೆದುಕೊಂಡು, ತನ್ನ ಬಲಗೈ ಮೇಲೆ ಹೊದಿಸಿ, ಆ ಕೈಯನ್ನು ಆತನ ಮುಂದೆ ಚಾಚಿದಳು.

ಅನ್ನಪೂರ್ಣಳ ಕೈಯಲ್ಲಿನ ಶೇಂಗಾ ಹಾಗೇ ಉಳಿಯಿತು.

ದನದ ಸಂತೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಸುತ್ತ ನಿಂತವರಿಗೆ ತಿಳಿಯಬಾರದೆಂದು ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ವ್ಯಾಪಾರ ಮುಗಿಸುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು, ಇಡೀ ಕೈ ಹಿಡಿದರೆ ಐದು, ಅದರ ಮೇಲೆ ಮತ್ತೆ ಬೆರಳು ಹಿಡಿದರೆ ಆರು, ಏಳು. ಮಾಯಾ ಸಣ್ಣವಳಿದ್ದಾಗ ಕಳಕಪ್ಪ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಇದನ್ನೇ ಆಡಿಸುತ್ತಿದ್ದ. ಮಾತಿಲ್ಲದ ಆಟವಾದ್ದರಿಂದ ಅವಳಿಗೆ ಅದೊಂದೇ ಆಟ ಸೇರುತ್ತಿತ್ತು.

"ಏನ ವ್ಯಾಪಾರಲೇ?" ಕಳಕಪ್ಪ ಕಣ್ಣು ಕಿರಿದು ಮಾಡಿದ. ಕೈ ಮಾತ್ರ ತಾನಾಗಿಯೇ ಟವೆಲ್ಲಿನೊಳಗೆ ಬಂದಿತ್ತು.

"ಎಂಟಿಯು," ಎಂದಳು ಮಾಯಾ. "ನಾನೂರರ ಮ್ಯಾಲೆ. ಹತ್ತರ ಲೆಕ್ಕ."

ಆಕೆ ಆತನ ಎರಡು ಬೆರಳು ಹಿಡಿದಳು. ಸಾವಿರದ ನಾನೂರ ಇಪ್ಪತ್ತು. ಕಳಕಪ್ಪ ಮೂಗಿನಲ್ಲಿ ನಕ್ಕ. ಟವೆಲ್ಲು ಒಮ್ಮೆ ಕುಣಿಯಿತು: ಆತ ಇಡೀ ಕೈ ಎರಡು ಸಲ ಹಿಡಿದಿದ್ದ. ಪೂರಾ ಐನೂರು. ಮಾಯಾ ತಲೆ ಅಲ್ಲಾಡಿಸಿ ಮೂರು ಬೆರಳಿಗೆ ಬಂದಳು, ನಾಲ್ಕಕ್ಕೆ ಬಂದಳು, ಸಂಕಟಪಡುವವಳಂತೆ ತುಟಿ ಕಚ್ಚಿ ಇಡೀ ಕೈಗೆ ಬಂದಳು. ಆ ಸಂಕಟ ಅವಳಿಗೆ ನಟಿಸಬೇಕಾಗಿರಲಿಲ್ಲ, ಗಡಿಯಾರ ಎದುರಿಗೇ ಇತ್ತು. ಕಳಕಪ್ಪ ಅಲುಗಲಿಲ್ಲ. ಅವಳು ಏಳಕ್ಕೆ ಬಂದಳು. ಕಳಕಪ್ಪನ ಮೀಸೆಯ ಕೆಳಗೆ ತೃಪ್ತಿ ಕಾಣಿಸಿತು. ಹುಡುಗಿ ಏರುತ್ತಿದ್ದಾಳೆ! ಎಂಟು. ಕೊನೆಗೆ ಕಳಕಪ್ಪ ದೊಡ್ಡ ಮನಸ್ಸು ಮಾಡಿ, ಹತ್ತರಿಂದ ಒಂದು ಬೆರಳು ಇಳಿಸಿದ.

"ಒಂಬತ್ತಕ್ಕ ಗಟ್ಟಿ," ಎಂದ. "ನಾನೂರಾ ತೊಂಬತ್ತು. ಈಗ ಬಿಡಿ ಲೆಕ್ಕ."

ತೊಂಬತ್ತಾದರೆ ಕೆಲಸ ನಡೆಯುತ್ತದೆ. ಆದರೆ ದೊಡ್ಡಪ್ಪ ನಿಲ್ಲುವವನಲ್ಲ. ಗೆದ್ದ ಮೇಲೂ ಕೊಸರು ಕೇಳದೆ ಆತ ಎಂದೂ ಎದ್ದಿರಲಿಲ್ಲ. ಕೊಸರಿಗೆ ಅವಳ ಹತ್ತಿರ ಉಳಿದಿದ್ದದ್ದು ಎರಡೇ ಎರಡು.

ಆತ ಐದು ಹಿಡಿದ. ಅವಳು ಒಂದೇ ಬೆರಳು ಹಿಡಿದಳು. ಆತ ನಾಲ್ಕಕ್ಕೆ ಇಳಿದ. ಅವಳು ಎರಡು ಹಿಡಿದು, ಬಿಗಿಯಾಗಿ ಹಿಡಿದುಕೊಂಡೇ ಕೂತಳು.

ಆಗ ಕಳಕಪ್ಪನ ಮೂರನೆಯ ಬೆರಳು ಮೆಲ್ಲಗೆ ಅವಳ ಮುಷ್ಟಿಯೊಳಗೆ ತೂರತೊಡಗಿತು. ಒಂದು ಜೀವಮಾನದ ಸಂತೆಗಳಲ್ಲಿ ಪಳಗಿದ ಬೆರಳು ಅದು. ಹಾವು ಬಿಲ ಹೊಕ್ಕಂತೆ ಬಂತು. ಮಾಯಾ ಹೊರಗೆ ದೂಡಿದಳು. ಅದು ಪಕ್ಕದಿಂದ ಬಂತು. "ಒಂದ... ಒಂದ ಮ್ಯಾಲ ಕೊಡವಾ," ಎಂದು ಕಳಕಪ್ಪ ಬೆಣ್ಣೆಯಂಥ ದನಿ ತೆಗೆದ. "ಮನೀ ಮಗಳಾಗಿ ಒಂದಕ್ಕ ಜಗ್ಗತಿ ಏನು?"

ಒಂದು. ಆ ಒಂದರ ಆಚೆ ಗದಗಿನ ದವಾಖಾನೆಯ ಬೆಂಚಿತ್ತು, ಗಲ್ಲ ಹಿಡಿದುಕೊಂಡು ಕೂತ ಜನ ಇದ್ದರು, ತನ್ನ ಕೂಗಿಗಾಗಿ ತಲೆಯೆತ್ತಿ ಕಾಯುತ್ತಿದ್ದರು.

ಮಾಯಾ ಟವೆಲ್ಲನ್ನೇ ಕಿತ್ತೊಗೆದು, ಎದ್ದು ನಿಂತು, "ಆಗೂದಿಲ್ರೀ!" ಎಂದಳು.

ಅಂದಳು ಎಂದರೆ ಕಡಿಮೆಯಾಯಿತು. ಪಡಸಾಲೆಯ ತಗಡಿನ ಮಾಡು ಗಣಗಣ ಎಂದಿತು. ಹಿತ್ತಲಲ್ಲಿ ಎಮ್ಮೆ ಕಿವಿ ನಿಗುರಿಸಿತು. ಎದುರು ಮನೆಯ ಗುಲಾಬಬಿ ಬಾಗಿಲಿಗೆ ಬಂದು, "ಯಾರ್ರೀ ಅದು? ಏನಾತ್ರೀ ಅನ್ನಪೂರ್ಣಕ್ಕ?" ಎಂದು ಕೂಗಿದಳು. ಅನ್ನಪೂರ್ಣ ಮಗಳ ಬಾಯಿಯನ್ನೇ ನೋಡುತ್ತ ಕೂತಳು.

ವ್ಯಾಪಾರದ ನಡುವೆ ಎದ್ದು ಹೊರಟವರನ್ನು ಕಳಕಪ್ಪ ಬೇಕಾದಷ್ಟು ನೋಡಿದ್ದ. ಸುಳ್ಳೇ ಎದ್ದವರೆಷ್ಟು, ಖರೆ ಎದ್ದವರೆಷ್ಟು ಎನ್ನುವುದು ಆತನಿಗೆ ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ.

"ಎರಡಕ್ಕ ಮುಗೀತು," ಎಂದ. "ನಾನೂರಾ ತೊಂಬತ್ತೆರಡು. ಅವರು ನೂರು ಹೊಡಿಯಾಕ ನಿಂತಿದ್ರು, ತೊಂಬತ್ತೆರಡು ತಿರಗಿ ಕಿತಗೊಂಡೆ ನೋಡು. ತಾ ಇಲ್ಲೆ ಕಂಪ್ಯೂಟರ್."

ಲ್ಯಾಪ್‌ಟಾಪ್ ತರಲು ಮಾಯಾ ಕೋಣೆಗೆ ಓಡಿದಳು. ಮೇಜಿನ ಮೇಲಿದ್ದ ಹೆಡ್‌ಫೋನಿನಿಂದ ಸಣ್ಣ ದನಿ ಬರುತ್ತಿತ್ತು. ಕಿವಿಗಿಟ್ಟಳು.

"...ಇರಲಿ ಬಿಡ್ರಿ ಮಾಯಾ," ಎನ್ನುತ್ತಿದ್ದರು ಸುನಿತಾ ಮೇಡಂ, ಮುಖ ಸಣ್ಣ ಮಾಡಿಕೊಂಡವರ ದನಿಯಲ್ಲಿ. "ಆಗೂದಿಲ್ಲಂದ್ರ ಆಗೂದಿಲ್ಲ. ಅಷ್ಟು ಸಿಟ್ಟಾಗೂದು ಏನಿತ್ತು? ನಾವೇನು ಜುಲುಮಿ ಮಾಡಿದ್ವೇನ್ರಿ? ಬ್ಯಾರೆಯವರನ್ನ ನೋಡ್ಕೋತೀವಿ."

ತಾಯಿ ಪಡಸಾಲೆಯಲ್ಲಿದ್ದಳು. ಮೆಸೇಜು ಬರೆಯುತ್ತ ಕೂರಲು ಹೊತ್ತಿರಲಿಲ್ಲ. ಮಾಯಾ ಕಣ್ಣು ಮುಚ್ಚಿದಳು.

"ಮೇಡಂ, ನಿಮಗ ಅಂದಿದ್ದಲ್ರಿ, ನಮ್ಮ ದೊಡ್ಡಪ್ಪಗ ಅಂದೆ, ನಮ್ಮ ರೂಟರಿನ್ಯಾಗ ಗಂಟಿನ ಅಳತಿ ಎಂಟು ಹೆಚ್ಚಾಗೇತಿ, ಅದಕ್ಕ ದೊಡ್ಡದು ಯಾವುದೂ ಹೋಗವಲ್ದು, ಇಳಸ್ರಿ ಅಂದ್ರ ನಮ್ಮ ದೊಡ್ಡಪ್ಪ ಇಳಸೂದಿಲ್ಲ, ಅವರು ದನದ ದಲಾಲಿ ಮಾಡ್ತಾರ್ರಿ, ಪುಗಸಟ್ಟೆ ಕೊಟ್ರೂ ಚೌಕಾಸಿ ಮಾಡ್ತಾರ, ಅದಕ್ಕ ಟವೆಲ್ ಹಾಕಿ ವ್ಯಾಪಾರ ಮಾಡಿದ್ನಿ, ತೊಂಬತ್ತೆರಡಕ್ಕ ಬಂದಾರ, ತೊಂಬತ್ಮೂರಾದ್ರ ನನ್ನ ನೌಕರಿ ಹೋಗತಿತ್ತು, ನೀವು ಕಟ್ ಮಾಡಬ್ಯಾಡ್ರಿ, ಈಗ ಕಳಸ್ತೀನಿ!"

ಅಷ್ಟು ಉದ್ದದ ಮಾತು ತನ್ನ ಬಾಯಿಂದ ಎಲ್ಲೂ ಬೀಳದೆ ಪೂರಾ ಹೊರಗೆ ಹೋದದ್ದನ್ನು ಅವಳು ಬೆರಗಿನಿಂದ ಕೇಳಿಸಿಕೊಂಡಳು.

ಆ ಕಡೆ ಸುನಿತಾ ಮೇಡಂ ನಗತೊಡಗಿದರು; ಅವರ ಸುತ್ತ ಇನ್ನೂ ಮೂರ್ನಾಲ್ಕು ಜನ ನಕ್ಕದ್ದು ಕೇಳಿಸಿತು. "ನಿಮ್ಮ ದೊಡ್ಡಪ್ಪನವರನ್ನೂ ಒಮ್ಮೆ ರೆಕಾರ್ಡ್ ಮಾಡಿ ಕಳಸ್ರಿ," ಎಂದರು. "ಜಲ್ದಿ ಮಾಡ್ರಿ, ನಾವು ಕಾಯ್ತೀವಿ."

ಕಳಕಪ್ಪ ಟವೆಲ್ಲಿನೊಳಗೆ ಪಾಸ್‌ವರ್ಡ್ ಒತ್ತಿ, ತಾನೇ ಒಂದೊಂದಾಗಿ ೧೪೯೨ ಎಂದು ಕುಟ್ಟಿದ. ರೂಟರ್ ಕಣ್ಣು ಮುಚ್ಚಿ ತೆರೆಯಿತು. ಗೆರೆ ಅರ್ಧಕ್ಕೆ ಬಂತು, ಅಲ್ಲಿ ನಿಲ್ಲದೆ ಮುಂದೆ ಸಾಗಿತು, ತುದಿ ಮುಟ್ಟಿ ಹಸಿರಾಯಿತು.

ಸಂಜೆ ಧಾರವಾಡದಿಂದ ನೌಕರಿಯ ಖಬರು ಬಂತು. ಕಳಕಪ್ಪ ಅಷ್ಟರಲ್ಲಿ ಮುಳಗುಂದದ ಬೀಗರಿಗೆ ಫೋನು ಹಚ್ಚಿ, "ನಿಮ್ಮ ಮನ್ಯಾಗ ಎಷ್ಟೈತ್ರಿ ಎಂಟಿಯು? ನೋಡಿ ಹೇಳ್ರಿ. ಎಂಟರ ಮ್ಯಾಲೆ ಹೊಡದಿದ್ರ ಬಿಡಬ್ಯಾಡ್ರಿ, ನಾ ಬರ್ತೀನಿ" ಎನ್ನುತ್ತಿದ್ದ.

ಮಾಯಾ ಅಡುಗೆಮನೆಗೆ ಹೋಗಿ ತಾಯಿಯ ಕಿವಿಯ ಹತ್ತಿರ ಬಾಗಿ, "ಅವ್ವಾ, ಗದಗಿನ ಮಾಮಾಗ ನಾ ಬರೂದಿಲ್ಲಂತ ಫೋನ್ ಮಾಡಿ ಹೇಳು" ಎಂದು ಪಿಸುಗುಟ್ಟಿದಳು.

ಅನ್ನಪೂರ್ಣ ಕೈ ಒರೆಸಿಕೊಂಡು, ನಂಬರು ಹಚ್ಚಿ, ಫೋನನ್ನು ಮಗಳ ಕೈಗೇ ಕೊಟ್ಟಳು.

"ನೀನ ಹೇಳು. ಅಂಥಾ ದನಿ ಇಟಗೊಂಡು ನನ್ನ ಇಷ್ಟ ವರ್ಷ ದುಡಿಸಿದಿ."

ಫೋನು ಗುಂಯ್‌ಗುಟ್ಟುತ್ತಿತ್ತು. ಸುಳಿವು ಸಿಕ್ಕ ಕಳಕಪ್ಪ ಮುಳಗುಂದದ ಬೀಗರನ್ನು ಅರ್ಧಕ್ಕೇ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಓಡಿ ಬಂದ. "ಲೇ ಮಾಯವ್ವ, ಒಮ್ಮಿಗೇ ಒಲ್ಲೆ ಅನಬ್ಯಾಡ," ಎಂದು ಗುಟ್ಟಾಗಿ ಕೈ ಆಡಿಸಿದ. "ಮೊದಲ ವಾರಕ್ಕ ನಾಕು ದಿವಸ ಬರ್ತೀನಿ ಅನ್ನು. ಆಮ್ಯಾಲೆ ಮೂರಕ್ಕ ಬಾ. ಹಿಂಗ ಸಾವಕಾಶ..."

"ಹಲೋ, ಮಾಮಾ," ಎಂದಳು ಮಾಯಾ. "ನಾ ಬರೂದಿಲ್ರಿ. ನನಗ ಬ್ಯಾರೆ ನೌಕರಿ ಆಗೇತಿ."

ಮೊದಲ ಮಾತಿಗೇ ಖರೆ ಸಂಗತಿ! ಕಳಕಪ್ಪ ಹಣೆ ಹಣೆ ಬಡಿದುಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟ.